ಪಂಚಮಿಗೆ ಕೊಟ್ಟ ಹೆಸರು

ಶ್ರೀ ಗುರುಬಸವಲಿಂಗಾಯ ನಮಃ

ಕಲ್ಲಬಾವಿ, ತಾಲೂಕು ಹುನಗುಂದ
ರವಿವಾರ, ತಾ. 13-7-1986

ಮಗನೇ ಅಂದಪ್ಪಾ,

ಎಲ್ಲ ಪತ್ರಗಳಲ್ಲೂ ಮೊದಲು ಆಶೀರ್ವಾದ ಬರೆದು ಆಮೇಲೆ ಮಾತಿಗೆ ಬರುವವಳು ನಾನು. ಈ ಸಲ ಆಶೀರ್ವಾದವನ್ನು ಹಿಂದಕ್ಕೆ ಇಟ್ಟುಕೊಂಡಿದ್ದೇನೆ. ಪತ್ರ ಮುಗಿಯುವಷ್ಟರಲ್ಲಿ ಸಿಟ್ಟು ಇಳಿದು ಕೈ ಬಂದರೆ ಬರೆದೇನು, ಇಲ್ಲದಿದ್ದರೆ ಇಲ್ಲ. ಆದರೂ ಹಡೆದ ತಪ್ಪಿಗೆ ಕೇಳಲೇಬೇಕು. ಬೆರಳು ಹೇಗಿವೆ? ಹಿಮದಲ್ಲಿ ಕಾವಲು ನಿಂತು ಬಲಗೈಯ ಎರಡು ಬೆರಳು ಮರಗಟ್ಟಿವೆ ಎಂದು ಬರೆದಿದ್ದೆ. ದವಾಖಾನೆಗೆ ತೋರಿಸಿದೆಯೋ, ಇಲ್ಲ, ಚಿಕ್ಕಂದಿನಲ್ಲಿ ಕಾಲಿಗೆ ಜಾಲಿಮುಳ್ಳು ಮುರಿದಾಗ ಮಾಡಿದ ಹಾಗೆ ಬಾವು ಬರುವವರೆಗೆ ಬಾಯಿ ಮುಚ್ಚಿಕೊಂಡು ಕೂತಿರುವೆಯೋ? ಹೇಳಬೇಕಾದಲ್ಲಿ ಬಾಯಿ ಬಿಡದಿರುವುದು ನಿನಗೆ ಹುಟ್ಟಿನಿಂದ ಬಂದ ಗುಣ. ಎಳ್ಳೆಣ್ಣೆ ಸಿಕ್ಕರೆ ಕಾಯಿಸಿ ತಿಕ್ಕಿಕೊ. ಅಲ್ಲಿ ರೊಟ್ಟಿ ಸಿಗುವುದಿಲ್ಲ ಎಂದು ಗೊತ್ತು, ಕೊಟ್ಟದ್ದನ್ನು ಹೊಟ್ಟೆ ತುಂಬ ಉಣ್ಣು. ಇಲ್ಲಿ ಎಲ್ಲರೂ ಉಸಿರಾಡಿಕೊಂಡು ಇದ್ದೇವೆ. ಮೃಗಶಿರಾ ಮಳೆ ಚಲೋ ಆಯಿತು, ಆರಿದ್ರಾ ಕೈಕೊಟ್ಟಿತು. ಸಜ್ಜೆ ಗೇಣುದ್ದ ಬಂದಿದೆ. ಬಿಳಿ ಆಕಳು ಗಬ್ಬವಾಗಿದೆ. ಹೋದ ವಾರ ಮಣ್ಣೆತ್ತಿನ ಅಮಾವಾಸ್ಯೆಗೆ ನಿನ್ನ ಮಗಳು ಐದು ಎತ್ತು ಮಾಡಿದಳು. ನಾಲ್ಕನ್ನು ಪೂಜೆಯಾದ ಮೇಲೆ ಬಾವಿಗೆ ಬಿಟ್ಟು ಒಂದನ್ನು ಜಗಲಿಯ ಮೇಲೆ ಉಳಿಸಿಕೊಂಡಿದ್ದಾಳೆ. ಯಾಕೆ ಎಂದು ಕೇಳಿದರೆ, ‘ಅಪ್ಪ ಬಂದ ಮ್ಯಾಲೆ ನೋಡ್ಲಿ ತಡೀ ಆಯಿ’ ಎಂದಳು. ಕ್ಷೇಮಸಮಾಚಾರ ಇಷ್ಟು. ಇನ್ನು ನಿನ್ನ ಪತ್ರದ ಮಾತು.

ಜೂನಿನಲ್ಲಿ ನಾನು ಒಂದೇ ಸಾಲು ಬರೆದು ಕೇಳಿದ್ದಕ್ಕೆ ಜವಾಬಾಗಿ ಅದು ಶುಕ್ರವಾರ ಬಂತು. ಟಪಾಲಿನ ಮಲೀಕಸಾಬ ಸೈಕಲ್ಲನ್ನು ಬೇವಿನ ಗಿಡಕ್ಕೆ ಆನಿಸಿ, ‘ಯವ್ವಾ, ಮಿಲಿಟರಿ ಮಗನ ಕಾಗದ ಬಂದೈತ್ರಿ, ಬಾಯಿ ಸಿಹಿ ಮಾಡ್ರಿ’ ಎಂದ. ಬೆಲ್ಲ ಕೊಟ್ಟು ನೀರು ಕೊಟ್ಟೆ. ಓದಿದ ಮೇಲೆ ಕೇಳಿದ್ದರೆ ಬರೀ ನೀರು ಕೊಡುತ್ತಿದ್ದೆ. ನಾಲ್ಕನೆಯ ಇಯತ್ತೆ ಕಲಿತವಳು, ಒಂದು ಸಲಕ್ಕೆ ತಿಳಿಯಲಿಕ್ಕಿಲ್ಲ ಎಂದು ಮೂರು ಸಲ ಓದಿದೆ. ಮೂರು ಸಲವೂ ಅದೇ ಇತ್ತು. ‘ಪಂಚಮಿ ದಿನ ತಂಗಿಗೆ ಮಾತು ಕೊಟ್ಟೇನಿ ಅವ್ವಾ.’ ‘ಈರ್ಯಾ ನನ್ನ ಮಗ ಇದ್ದಾಂಗ.’ ‘ಈಗ ತಿದ್ದಾಕ ಹೋದ್ರ, ಸಾಹೇಬರ ಮುಂದ ಸುಳ್ಳ ಬರಸೀದಿ ಅಂತ ನನ್ನ ತೋಳಿನ ಪಟ್ಟಿ ಕಿತಗೋತಾರ. ನೀ ಸುಮ್ನಿರು.’ ಎರಡು ಹಾಳೆ ತುಂಬಿಸಿರುವೆ. ತಂಗಿ ಇಂದ್ರಾಬಾಯಿಯ ಹೆಸರು ಇದೆ, ಅವಳ ಮಗ ಈರಪ್ಪನ ಹೆಸರು ಇದೆ, ನಿನ್ನ ಪಟ್ಟಿಯ ಚಿಂತೆ ಇದೆ. ನಿನಗೆ ಹುಟ್ಟಿದ ಬನಶಂಕರಿಯ ಹೆಸರು ಎಲ್ಲಿಯೂ ಇಲ್ಲ. ಮರೆತು ಹಿಂಬದಿಗೆ ಬರೆದಿರಬಹುದೇನೋ ಎಂದು ಹಾಳೆ ತಿರುವಿ ನೋಡಿದೆ. ಹಿಂಬದಿ ಬಿಳಿ ಇತ್ತು.

ಹಿಮದಲ್ಲಿ ನಿಂತು ತಲೆಯೂ ಮರಗಟ್ಟಿದ್ದರೆ ನಾನೇ ನೆನಪು ಮಾಡಿಕೊಡುತ್ತೇನೆ, ಕೇಳು. ಹೋದ ವರ್ಷ ಶ್ರಾವಣದಲ್ಲಿ ರಜೆಗೆ ಬಂದಾಗ ಈ ಸುದ್ದಿಯನ್ನು ತಂದವನು ನೀನೇ. ಗಡಿಯಲ್ಲಿರುವ ಸಿಪಾಯಿಯ ಮಗುವಿಗೆ ಬಾಗಲಕೋಟೆಯ ಆ ವಸತಿಶಾಲೆಯಲ್ಲಿ ಎಂಟನೆಯ ಇಯತ್ತೆಯಿಂದ ಫೀ, ಪುಸ್ತಕ, ಬಟ್ಟೆ, ಊಟ, ಎಲ್ಲವನ್ನೂ ಸರಕಾರ ನೋಡಿಕೊಳ್ಳುತ್ತದೆ ಎಂದೆ. ಒಂದು ಮನೆಗೆ ಒಂದೇ ಜಾಗ ಎಂದೆ. ಅಪ್ಪ ಗಡಿಯಲ್ಲಿದ್ದಾನೆ, ಇದು ಅವನ ಮಗು ಎಂದು ನಿಮ್ಮ ಸಾಹೇಬರು ಸಿಕ್ಕಾ ಒತ್ತಿದ ಕಾಗದ ಬೇಕು ಎಂದೆ. ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಕೇಳುವ ಹಾಗೆ ಹೇಳಿದೆ. ಆಗ ಬನಶಂಕರಿ ನಿನಗೆ ಚಂಬಿನಲ್ಲಿ ನೀರು ತಂದು ಅಲ್ಲೇ ನಿಂತಿದ್ದಳು. ನೀನು ನೀರು ಕುಡಿದು ಚಂಬು ಕೊಟ್ಟೆ, ಅವಳು ಅದನ್ನು ಎದೆಗೆ ಒತ್ತಿಕೊಂಡು ಒಳಗೆ ಓಡಿಬಂದು, ‘ಆಯಿ, ಬಾಗಲಕೋಟಿ ಸಾಲ್ಯಾಗ ಹೆಣ್ಮಕ್ಕಳಿಗೆ ಬ್ಯಾರೆ ಖೋಲಿ ಇರತಾವೇನ?’ ಎಂದು ಕೇಳಿದಳು. ಅವತ್ತಿನಿಂದ ಈ ಬೇಸಿಗೆಯವರೆಗೆ ಅವಳ ಬಾಯಲ್ಲಿ ಬೇರೆ ಮಾತಿರಲಿಲ್ಲ. ನಮ್ಮೂರ ಶಾಲೆ ಏಳಕ್ಕೆ ಮುಗಿಯುತ್ತದೆ. ಮುಂದಿನದು ಆ ಕಾಗದವೊಂದೇ ಎಂದು ಅವಳಿಗೂ ಗೊತ್ತಿತ್ತು. ಏಳನೆಯ ಇಯತ್ತೆಯಲ್ಲಿ ಊರಿಗೇ ಮೊದಲು ಬಂದಳು. ಆಗಸ್ಟ್ ಹದಿನೈದಕ್ಕೆ ಪ್ರತಿ ವರ್ಷ ಧ್ವಜದ ಹಗ್ಗ ಎಳೆಯಲು ಮಾಸ್ತರು ಅವಳನ್ನೇ ಕರೆಯುತ್ತಾರೆ, ಸಿಪಾಯಿಯ ಮಗಳು ಎಂದು. ಆ ಹಗ್ಗ ಎಳೆಯುವಾಗ ಅವಳ ಮುಖ ನೀನು ಒಮ್ಮೆಯೂ ನೋಡಿಲ್ಲ. ನಾನು ನೋಡಿದ್ದೇನೆ.

ಅದೇ ರಜೆಯಲ್ಲಿ ಪಂಚಮಿ ಬಂತು. ಇಂದ್ರಾಬಾಯಿಯನ್ನು ಕರೆತರಲು ನೀನೇ ಇಳಕಲ್ಲಿಗೆ ಹೋದೆ. ಹುತ್ತಕ್ಕೆ ಹಾಲೆರೆಯುವಾಗ ಅವಳು ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು ಎಂದು ಒಂದೊಂದು ಬೊಗಸೆ ಹಾಕಿ, ಅಣ್ಣನ ಪಾಲಿಗೆ ಬಂದಾಗ ಎರಡು ಬೊಗಸೆ ಹಾಕಿದಳು. ನಾನು ಅದನ್ನು ಪ್ರೀತಿ ಎಂದುಕೊಂಡೆ. ಮನೆಗೆ ಬಂದ ಮೇಲೆ ನೀನು ಸೀರೆ ತೆಗೆದು ಕೊಡಲು ಹೋದೆ. ಅವಳು, ‘ಸೀರಿ ನೇಯಾವರ ಮನ್ಯಾಗ ಇದ್ದಾಕಿಗೆ ಸೀರಿ ಯಾಕಣ್ಣಾ? ಈ ಸಲ ಬ್ಯಾರೆ ಒಂದ ಕೇಳತೇನಿ, ಇಲ್ಲ ಅನಬ್ಯಾಡ’ ಎಂದಳು. ನಾನು ಒಲೆಯ ಮುಂದೆ ಬೆಲ್ಲದ ಪಾಕ ಆರುವುದರೊಳಗೆ ಉಂಡಿ ಕಟ್ಟುತ್ತಿದ್ದೆ, ಅಂಗೈ ಸುಡುತ್ತಿತ್ತು. ಅವಳು ಏನು ಕೇಳಿದಳೋ ನನಗೆ ಕೇಳಿಸಲಿಲ್ಲ. ನೀನು ಸುಮ್ಮನೆ ನಿಂತದ್ದು ಮಾತ್ರ ಬಾಗಿಲ ಸಂದಿಯಿಂದ ಕಂಡಿತು. ಮುತ್ತೈದೆ ಮಗಳು ಹಬ್ಬದ ದಿನ ಮುಖ ಸಣ್ಣದು ಮಾಡಿಕೊಂಡು ಹೋಗಬಾರದು ಎಂದು ಒಳಗಿನಿಂದ ನಾನೇ ಕೂಗಿದೆ: ‘ಪಂಚಮಿ ದಿನ ಹೆಣ್ಮಗಳಿಗೆ ಇಲ್ಲ ಅನಬ್ಯಾಡೋ ಅಂದಪ್ಪಾ, ಕೊಟ್ಟ ಬಿಡು.’ ಹೌದು, ಕೂಗಿದೆ. ಅದನ್ನು ಮುಚ್ಚಿಡುವುದಿಲ್ಲ. ಒಂದು ಜೊತೆ ಬಳೆ ಕೇಳಿರಬಹುದು, ಒಂದು ಹೋರಿಕರು ಕೇಳಿರಬಹುದು ಎಂದುಕೊಂಡು ಕೂಗಿದೆ. ಅವಳು ತನ್ನ ಮಗನಿಗೆ ನಿನ್ನ ಹೆಸರನ್ನು ಕೇಳಿದ್ದಳು. ಅಪ್ಪ ಎಂಬ ಜಾಗದಲ್ಲಿ ಬರೆಯಲು.

ಕಾಗದ ಬರುತ್ತದೆ ಎಂದು ವೈಶಾಖವೆಲ್ಲ ಕಾದೆವು. ಬನಶಂಕರಿ ದಿನಾ ಮಲೀಕಸಾಬನ ಸೈಕಲ್ ಗಂಟೆಗೆ ಅಂಗಳಕ್ಕೆ ಓಡುವಳು. ಕೊನೆಗೆ ಅವನೇ ಕನಿಕರದಿಂದ ನಮ್ಮ ಓಣಿಗೆ ಬಂದಾಗ ಗಂಟೆ ಬಾರಿಸುವುದನ್ನು ಬಿಟ್ಟ. ಜೂನ್ ತಿಂಗಳು ಅರ್ಧ ಕಳೆಯಿತು. ಗಡಿಯಿಂದ ಬರುವ ಟಪಾಲು, ತಡವಾಗಿರಬೇಕು, ಮಾಸ್ತರರ ಕೈಕಾಲು ಹಿಡಿದು ದಿನ ಕೇಳಿಕೊಂಡು ಬರೋಣ ಎಂದು ಹುಡುಗಿಯನ್ನು ಕರೆದುಕೊಂಡು ಬಾಗಲಕೋಟೆಗೆ ಹೋದೆ. ಹೆಡ್ ಮಾಸ್ತರರು ಭಲೇ ಮನುಷ್ಯರು, ನನ್ನ ಹಣೆಯ ವಿಭೂತಿ ನೋಡಿ ಎದ್ದು ಕುರ್ಚಿ ಕೊಟ್ಟರು. ‘ನಾ ಕಲ್ಲಬಾವಿ ಅಂದಪ್ಪನ ತಾಯಿರಿ, ಅಂವ ಗಡ್ಯಾಗ ಅದಾನ್ರಿ’ ಎಂದೆ, ಅಷ್ಟೇ ಎಂದೆ. ಅವರು ನಕ್ಕು, ‘ಮೊಮ್ಮಗನ ನೋಡಾಕ ಬಂದ್ರೇನ್ರಿ ಅವ್ವಾರ? ನಿಮ್ಮ ಅಂದಪ್ಪನ ಕಾಗದ ಬಂದು ಹುಡುಗ ಸೇರಿ ಹದಿನೈದ ದಿನ ಆತು. ಆರಾಮ ಅದಾನ’ ಎಂದರು. ನಾನು ಯಾವ ಮೊಮ್ಮಗ ಎಂದು ಕೇಳುವ ಮೊದಲೇ ಕಿಟಕಿಯಲ್ಲಿ ಈರಪ್ಪ ಕಂಡ. ಖಾಕಿ ಚಡ್ಡಿ, ಹೊಸ ಅಂಗಿ, ಕಾಲಲ್ಲಿ ಬೂಟು. ನನ್ನನ್ನು ನೋಡಿದವನೇ ನೀರಿನ ತೊಟ್ಟಿಯ ಹಿಂದೆ ಕೂತುಬಿಟ್ಟ, ಸಣ್ಣವನಿದ್ದಾಗ ಬೆಣ್ಣೆ ಕದ್ದು ಕೂರುತ್ತಿದ್ದ ಹಾಗೆ. ತಲೆ ಕಾಣುತ್ತಿತ್ತು. ಮಾತು ಹೊರಗೆ ಬಂದರೆ ಮಗ ಸುಳ್ಳುಗಾರನಾಗುತ್ತಾನೆ ಎಂದು ಅಷ್ಟರಲ್ಲೇ ಹೊಳೆಯಿತು. ಹೂಂ ರೀ, ನೋಡಲು ಬಂದೆವು ಎಂದು ಹೇಳಿ ಎದ್ದುಬಂದೆ. ಲಿಂಗ ಕಟ್ಟಿದ ಈ ಮೈಯಿಂದ ಬಂದ ಮೊದಲ ಸುಳ್ಳೇನಲ್ಲ ಅದು, ಆದರೆ ಅಷ್ಟು ಕಹಿಯಾದದ್ದು ಹಿಂದೆ ಬಂದಿರಲಿಲ್ಲ. ನಿನ್ನಿಂದ ಬಂತು.

ಬಸ್ಸು ಅರ್ಧ ದಾರಿಗೆ ಬಂದಾಗ ನಿನ್ನ ಮಗಳು, ‘ಆಯಿ, ಈರ್ಯಾ ಅಪ್ಪನ ಮಗ ಹೆಂಗಾದ?’ ಎಂದಳು. ಅದರ ಉತ್ತರ ನಿನ್ನ ಹತ್ತಿರ ಇದ್ದರೆ ಅವಳಿಗೇ ಬರೆ. ಅವಳನ್ನು ನಮ್ಮೂರ ಹಾದಿಗೆ ಇಳಿಸಿ ನಾನು ಅದೇ ಬಸ್ಸಿಗೆ ಇಳಕಲ್ಲಿಗೆ ಹೋದೆ. ನಿನ್ನ ತಂಗಿ ಮಗ್ಗದ ಪಕ್ಕದಲ್ಲಿ ಕೂತು ನೂಲಿನ ಲಡಿ ಸುತ್ತುತ್ತಿದ್ದಳು. ನನ್ನ ಕಾಲ ಸಪ್ಪಳ ಕೇಳಿಯೇ ಅವಳಿಗೆ ತಿಳಿಯಿತು. ಅಳಲಿಲ್ಲ, ಹೆದರಲೂ ಇಲ್ಲ. ‘ಅವ್ವಾ, ನನ್ನ ಮಗ ಕಲ್ಲ ಒಡ್ಯಾವರ ಹುಡುಗರ ಕೂಡ ಕ್ವಾರಿಗೆ ಓಡಿ ಹೊಕ್ಕಾನ. ಒಂದ ದಿನ ಕೈ ಮುರಕೊಂಡ ಬಂದ್ರ ನೀ ಜ್ವಾಪಾನ ಮಾಡತೀಯೇನ? ಬನಶಂಕ್ರಿ ಹೆಂಗಿದ್ರೂ ನಾಳೆ ನನ್ನ ಮನಿಗೆ ಬರೂ ಸೊಸಿ. ಈಗ ಈರ್ಯಾ ಕಲತ್ರ ನಾಳೆ ಆಕೀನ ಉಣತಾಳ’ ಎಂದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ಆಗ ಲಡಿಯನ್ನು ಕೆಳಗಿಟ್ಟು, ‘ಇಲ್ಲ ಅನಬ್ಯಾಡ ಅಂತ ಒಲಿ ಮುಂದ ಕುಂತ ಒದರಿದಾಕಿ ನೀನ ಅಲ್ಲೇನ?’ ಎಂದಳು ನೋಡು. ಒಂದು ತಂಬಿಗೆ ನೀರೂ ಮುಟ್ಟದೆ ಎದ್ದುಬಂದೆ. ಅವಳ ಗಂಡ ಕಾಶಪ್ಪ ಮಗ್ಗದ ಕುಣಿಯಿಂದ ತಲೆ ಎತ್ತಿ ‘ಅತ್ತೀ, ಊಟಾ ಮಾಡ್ಕೊಂಡ ಹೋಗ್ರಿ’ ಎಂದದ್ದು ಬೀದಿಯವರೆಗೆ ಕೇಳುತ್ತಿತ್ತು. ಅವನಿಗೆ ಏನೂ ಗೊತ್ತಿಲ್ಲ ಎಂದು ಕಾಣುತ್ತದೆ. ತನ್ನ ಮಗನ ಅಪ್ಪ ಬೇರೆಯವನಾಗಿದ್ದಾನೆ ಎಂದು ಪಾಪ ಅವನಿಗೂ ಯಾರಾದರೂ ಹೇಳಬೇಕು.

ಮನೆಗೆ ಬಂದು ನಿನ್ನ ಹೆಂಡತಿಗೆ ಹೇಳಿದೆ. ಶಿವಲಿಂಗವ್ವ ನಿನಗೆ ಗೊತ್ತಲ್ಲ, ಈ ಮನೆಗೆ ಬಂದು ಹದಿನೈದು ವರ್ಷವಾದರೂ ನನ್ನ ಎದುರು ಸ್ವರ ಎತ್ತಿದವಳಲ್ಲ. ಅವತ್ತು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ‘ಅತ್ತೀ, ನಾ ಹಡದದ್ದು ಹಡದಾಂಗ ಅಲ್ಲೇನ್ರಿ?’ ಎಂದಳು. ಹೆಂಚಿನ ಮೇಲಿದ್ದ ರೊಟ್ಟಿ ಸುಟ್ಟು ಕರಿಯಾಯಿತು, ಇಬ್ಬರೂ ತೆಗೆಯಲಿಲ್ಲ. ಬನಶಂಕರಿಯಂತೂ ಅತ್ತದ್ದನ್ನು ನಾನು ನೋಡಲಿಲ್ಲ. ಏಳನೆಯ ಇಯತ್ತೆಯ ಮಾರ್ಕ್ಸ್ ಕಾರ್ಡನ್ನು ಮಡಚಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟಳು. ಮರುದಿನ ಬೆಳಿಗ್ಗೆ ಕುರ್ಪಿ ಹಿಡಿದು ಅವ್ವನ ಹಿಂದೆ ಸಜ್ಜೆಯಲ್ಲಿ ಕಳೆ ತೆಗೆಯಲು ಹೊರಟಳು. ಮೂರು ವಾರವಾಯಿತು, ದಿನಾ ಹೋಗುತ್ತಾಳೆ. ಕೈ ನೋಡಬೇಕು ನೀನು. ನಿನ್ನ ಬೆರಳು ಹಿಮಕ್ಕೆ ಮರಗಟ್ಟಿದವು, ಅವಳವು ಇಲ್ಲಿ ಬಿಸಿಲಿಗೆ ಬೊಬ್ಬೆ ಎದ್ದಿವೆ. ಸಂಜೆ ರೇಡಿಯೋದಲ್ಲಿ ಧಾರವಾಡದ ಸುದ್ದಿ ಬರುವಾಗ ಮಾತ್ರ ಎಲ್ಲಿದ್ದರೂ ಬಂದು ಕೂರುತ್ತಾಳೆ. ಗಡಿ ಎಂಬ ಶಬ್ದ ಬಂದರೆ ಉಸಿರು ಹಿಡಿಯುತ್ತಾಳೆ. ನೀನು ಅವಳನ್ನು ಕಾಗದದಿಂದ ಬಿಟ್ಟೆ, ಅವಳು ನಿನ್ನನ್ನು ಬಿಟ್ಟಿಲ್ಲ.

ಈಗ ನಿನ್ನ ಮಾತುಗಳಿಗೆ ಜವಾಬು. ಈರ್ಯಾ ನಿನ್ನ ಮಗನಿದ್ದ ಹಾಗೆ. ಇರಲಿ. ಅವನು ನನಗೂ ಮೊಮ್ಮಗನೇ, ಅವನ ತೊಟ್ಟಿಲು ತೂಗಿದವಳು ನಾನು. ಆದರೆ ಸರಕಾರ ಆ ಜಾಗ ಇಟ್ಟದ್ದು ಅಪ್ಪ ಮನೆಯಲ್ಲಿಲ್ಲದ ಮಗುವಿಗೆ. ಈರ್ಯಾನ ಅಪ್ಪ ದಿನಾ ಮಗ್ಗದಿಂದ ಎದ್ದು ಕೈಕಾಲು ತೊಳೆದು ಮಗನ ಪಕ್ಕದಲ್ಲಿ ಉಣ್ಣಲು ಕೂರುತ್ತಾನೆ. ಜ್ವರ ಬಂದರೆ ಹೊತ್ತುಕೊಂಡು ಓಡುತ್ತಾನೆ. ಬನಶಂಕರಿಗೆ ಮೊದಲ ಹಲ್ಲು ಬಿದ್ದಾಗ ನೀನಿರಲಿಲ್ಲ, ವಿಷಮಜ್ವರ ಬಂದು ಹನ್ನೊಂದು ದಿನ ಕಣ್ಣು ಬಿಡದಾಗ ನೀನಿರಲಿಲ್ಲ, ಊರಿಗೆ ಮೊದಲು ಬಂದಾಗ ನೀನಿರಲಿಲ್ಲ. ಹದಿಮೂರು ವರ್ಷ ಅಪ್ಪನಿಲ್ಲದೆ ಉಂಡವಳು ಅವಳು, ಅದರ ಪಾಲು ಬಂದಾಗ ಉಣ್ಣುವವನು ಇನ್ನೊಬ್ಬನೇ? ಇದನ್ನು ಯಾವ ದೇವರು ಮೆಚ್ಚುತ್ತಾನೆ? ಇನ್ನು ಒಂದು ಮನೆಗೆ ಒಂದೇ ಜಾಗ ಎಂದವರಿಗೂ ನನ್ನ ನಮಸ್ಕಾರ. ಗಡಿಗೆ ಹೋದವನು ಒಂದೇ ಮಗುವಿನ ಅಪ್ಪನಾಗಿ ಹೋಗುತ್ತಾನೆಯೇ? ಅವರ ಬುದ್ಧಿ ಅಷ್ಟು. ನಿನ್ನದು ಅದಕ್ಕೂ ಕಡಿಮೆಯಾಯಿತು.

ಸೊಸೆಯಾಗುವವಳು ಎಂಬ ಮಾತು ಬೇರೆ. ಯಾರು ಎಲೆ ಅಡಿಕೆ ಹಿಡಿದರು? ಯಾರು ಮಾತಾಡಿದರು? ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ನಡೆದು ಬಂದದ್ದು ಖರೆ, ನಾನೂ ಹಾಗೆ ಬಂದವಳೇ. ಆದರೆ ಹೆಣ್ಣಿನ ಪುಸ್ತಕ ಕಸಿದುಕೊಂಡು ಅದೇ ಹೆಣ್ಣನ್ನು ಕೇಳುವುದು ಎಲ್ಲಿಯೂ ನಡೆದು ಬಂದಿಲ್ಲ. ಅದೂ ಏಳನೆಯ ಇಯತ್ತೆಯಲ್ಲಿ ಒಂದು ಸಲ ನಪಾಸಾದ ಹುಡುಗನಿಗೆ. ಅವನು ಓದಬಾರದು ಎಂದು ನಾನು ಹೇಳುವುದಿಲ್ಲ. ಇಳಕಲ್ಲಿನಲ್ಲಿ ಹೈಸ್ಕೂಲು ಇದೆ, ಅವರ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಕ್ವಾರಿಗೆ ಓಡುವ ಕಾಲನ್ನು ಅವನ ಅಪ್ಪ ಹಿಡಿದು ಕೂರಿಸಲಿ, ಅಪ್ಪ ಇರುವುದು ಅದಕ್ಕೇ. ಅವನ ಬೂಟು ಬಟ್ಟೆಗೆ ಬೇಕಾದರೆ ನನ್ನ ಸೊಂಟದ ಬೆಳ್ಳಿಯ ಡಾಬು ತೆಗೆದು ಕೊಡುತ್ತೇನೆ. ಹುಡುಗಿಗೆ ಇರುವುದು ಆ ಒಂದೇ ಬಾಗಿಲು.

ಇನ್ನು ನಿನ್ನ ಬಡ್ತಿಯ ಪಟ್ಟಿ. ನಿನ್ನ ತೋಳಿಗೆ ಅದು ಬಂದ ವರ್ಷ ನಾನು ಕೂಡಲಸಂಗಮಕ್ಕೆ ನಡೆದುಕೊಂಡು ಹೋಗಿ ಹೊಳೆಯಲ್ಲಿ ಮಿಂದು ಬಂದವಳು. ಅದು ಹೋದರೆ ನನಗೆ ನೋವಾಗುವುದಿಲ್ಲ ಎಂದು ತಿಳಿಯಬೇಡ. ಆದರೆ ಮಗಳ ಹೆಸರು ಅಳಿಸಿ ಉಳಿಸಿಕೊಂಡ ಪಟ್ಟಿಯನ್ನು ನೋಡಿ ನಾನು ಕಣ್ಣಿಗೆ ಒತ್ತಿಕೊಳ್ಳಲಾರೆ. ಮೂರು ವಾರದಿಂದ ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಕಣ್ಣು ನಿಲ್ಲುತ್ತಿಲ್ಲ. ಕಿಟಕಿ ಕಾಣುತ್ತದೆ, ನೀರಿನ ತೊಟ್ಟಿ ಕಾಣುತ್ತದೆ, ‘ಹೂಂ ರೀ’ ಎಂದ ನನ್ನ ದನಿ ಕೇಳುತ್ತದೆ. ಎಂಟನೆಯ ವಯಸ್ಸಿನಿಂದ ತಪ್ಪದೆ ನಡೆದ ಪೂಜೆ ನಿನ್ನ ಒಂದು ಕಾಗದದಿಂದ ಅರ್ಧಕ್ಕೇ ಏಳುವಂತಾಗಿದೆ. ಹಿಮಾಲಯದ ತುದಿಯಲ್ಲಿ ವೈರಿಯ ಮುಂದೆ ನಿಲ್ಲುತ್ತೀ, ನಿನ್ನ ಸಾಹೇಬರ ಮುಂದೆ ನಿಂತು ತಪ್ಪಾಯಿತು ಎನ್ನಲು ಕಾಲು ನಡುಗುತ್ತದೆಯೇ? ನಿಮ್ಮಪ್ಪ ಜೀವದಿಂದ ಇದ್ದಿದ್ದರೆ ಬಾರುಕೋಲು ತೆಗೆದುಕೊಂಡು ಗಡಿಗೇ ಬರುತ್ತಿದ್ದ.

ನಾಳೆ ಸೋಮವಾರ, ಎತ್ತಿನ ಹೆಗಲಿಗೆ ನೊಗ ಇಡದ ದಿನ. ಬನಶಂಕರಿಯನ್ನು ಕರೆದುಕೊಂಡು ಬಾಗಲಕೋಟೆಗೆ ಹೋಗಿ ಇದನ್ನು ಅಲ್ಲಿಯೇ ಟಪಾಲಿಗೆ ಹಾಕುತ್ತೇನೆ. ಹಾಗೆಯೇ ಹೆಡ್ ಮಾಸ್ತರರನ್ನು ಕಂಡು, ಈ ಹುಡುಗಿಗೆ ಬೇರೆ ಯಾವುದಾದರೂ ದಾರಿ ಇದೆಯೇ ಎಂದಷ್ಟೇ ಕೇಳುತ್ತೇನೆ. ನಿನ್ನ ಸುದ್ದಿ ಎತ್ತುವುದಿಲ್ಲ. ಬರುವ ಪಂಚಮಿ ಆಗಸ್ಟ್ ಒಂಬತ್ತಕ್ಕೆ. ಅಲ್ಲಿಯವರೆಗೆ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಡುತ್ತೇನೆ. ಅಷ್ಟರೊಳಗೆ ನೀನೇ ಸಾಹೇಬರಿಗೆ ಹೇಳಿ, ಮಗಳ ಹೆಸರಿನ ಹೊಸ ಕಾಗದ ಕಳಿಸಬೇಕು. ಬರಲಿಲ್ಲವೋ, ಪಂಚಮಿಯ ಮರುದಿನ ನಾನೇ ಆ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿ ಬರುತ್ತೇನೆ. ನನ್ನ ಸ್ವಭಾವ ನಿನಗೆ ಗೊತ್ತಿದೆ.

ಶಿವಲಿಂಗವ್ವ ನಮಸ್ಕಾರ ಹೇಳು ಎನ್ನಲಿಲ್ಲ, ನಾನೂ ಕೇಳಲಿಲ್ಲ. ನಿನ್ನ ಜೊತೆಗಾರರಿಗೆಲ್ಲ ನನ್ನ ಶರಣು ಹೇಳು, ಅವರ ತಾಯಂದಿರೂ ದಾರಿ ನೋಡುತ್ತಿರುತ್ತಾರೆ. ಆಶೀರ್ವಾದಕ್ಕೆ ಕೈ ಇನ್ನೂ ಬಂದಿಲ್ಲ.

ನಿನ್ನ ಅವ್ವ,
ಬಸಲಿಂಗವ್ವ

ತಾ.ಕ. — ಸೋಮವಾರ, ಬಾಗಲಕೋಟೆ ಟಪಾಲು ಕಚೇರಿ. ನಾಲ್ಕರ ಬಸ್ಸಿದೆ, ಪೆನ್ನು ಎರವಲಿನದು, ಬೇಗ ಬೇಗ ಬರೆಯುತ್ತೇನೆ. ನಿನ್ನೆ ಕೊಟ್ಟ ಮಾತನ್ನು ಇವತ್ತೇ ಮುರಿದೆ. ಕೇಳು. ದಾರಿ ಇದೆಯೇ ಎಂದು ಕೇಳಿದೆ. ಮಾಸ್ತರರು, ‘ಅಪ್ಪ ತೀರಿಕೊಂಡ ಹೆಣ್ಮಕ್ಕಳಿಗೆ ಒಂದ ಜಾಗ ಖಾಲಿ ಐತ್ರಿ. ಈ ಹುಡುಗಿಗೆ ಅಪ್ಪ ಅದಾನೇನ್ರಿ?’ ಎಂದರು. ನಾನು ಬಾಯಿ ತೆರೆಯುವ ಮೊದಲು ನಿನ್ನ ಮಗಳು ಕೈಕಟ್ಟಿ ನಿಂತು, ‘ಇಲ್ರಿ ಸರ. ನಮ್ಮಪ್ಪ ಇಲ್ರಿ’ ಎಂದುಬಿಟ್ಟಳು. ನಿನ್ನ ಪಟ್ಟಿ ಉಳಿಯಲಿ, ತಾನೂ ಓದಲಿ ಎಂದು. ಶುಕ್ರವಾರ ನಾನು ಓದಿ ಇಟ್ಟ ನಿನ್ನ ಪತ್ರವನ್ನು ಅವಳೂ ಓದಿದ್ದಾಳೆ. ನನಗೆ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಅಲ್ಲಿ ಹಿಮದಲ್ಲಿ ನಿಂತವನನ್ನು ಇಲ್ಲಿ ನಿನ್ನ ಹೊಟ್ಟೆಯ ಕೂಸೇ ಇಲ್ಲ ಎಂದಿತಲ್ಲ. ‘ಬಿಡ್ತು ಅನ್ನು! ಬಿಡ್ತು ಅನ್ನು!’ ಎಂದು ಆ ಖೋಲಿ ಹಾರಿಹೋಗುವ ಹಾಗೆ ಒದರಿದೆ. ಹುಡುಗಿ ಹೆದರಿ ಮೂರು ಸಲ ಬಿಡ್ತು ಎಂದು, ಆಮೇಲೆ ಅತ್ತಳು. ಮೂರು ವಾರದ್ದನ್ನೆಲ್ಲ ಅತ್ತಳು. ನಾನು ಕೊರಳ ಲಿಂಗವನ್ನು ಹಿಡಿದುಕೊಂಡು ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಒಲೆಯ ಮುಂದೆ ಕೂಗಿದ್ದನ್ನೂ ಹೇಳಿದೆ.

ಮಾಸ್ತರರು ಈರ್ಯಾ ತುಂಬಿದ ಅರ್ಜಿ ತೆಗೆದು ತೋರಿಸಿದರು. ತಂದೆಯ ಹೆಸರು ಎಂಬಲ್ಲಿ ‘ಅಂದಪ್ಪ ಮಾಮಾ’ ಎಂದು ಬರೆದು ಮಾಮಾ ಎಂಬುದನ್ನು ಉಗುಳು ಹಚ್ಚಿ ಒರೆಸಿದ್ದಾನೆ, ಹಾಳೆ ತೂತಾಗಿದೆ. ಅವನನ್ನು ಕರೆಸಿದರು. ಬೈಯಬೇಕೆಂದಿದ್ದೆ, ಅವನೇ ಓಡಿಬಂದು ನನ್ನ ಸೆರಗು ಹಿಡಿದು, ‘ಆಯಿ, ಮನಿಗೆ ಕರಕೊಂಡ ಹೋಗ. ಮಾಮಾನ ಹೆಸರ ಹಚ್ಚಿ ಹಾಜರಿ ಕರದಾಗ ಹೂಂ ಅನ್ನೂದ ಮರೀತೈತಿ’ ಎಂದ. ನನ್ನ ಪಕ್ಕದಲ್ಲೇ ಕೂತಿದ್ದಾನೆ ಈಗ, ಟ್ರಂಕು ಕಾಲಡಿ ಇದೆ.

ಈಗ ಮುಖ್ಯ ಮಾತು. ಮಾಸ್ತರರು ನಿನ್ನ ಸಾಹೇಬರಿಗೆ ಬರೆಯಲೇಬೇಕಂತೆ, ಇಲ್ಲದಿದ್ದರೆ ಅವರ ನೌಕರಿಗೆ ಕುತ್ತು. ಆದರೆ, ‘ಟೈಪ್ ಮಾಡಾಂವ ರಜಾ ಅದಾನ್ರಿ ಅವ್ವಾರ, ಗುರುವಾರ ಬರ್ತಾನ. ಅಲ್ಲೀಮಟ ನನ್ನ ಕಾಗದ ಹೋಗೂದಿಲ್ಲ’ ಎಂದು ಎರಡು ಸಲ ಹೇಳಿದರು. ತಾನಾಗಿ ಹೋಗಿ ಹೇಳಿದವನಿಗೆ ಒಂದು ನ್ಯಾಯ, ಸಿಕ್ಕಿಬಿದ್ದವನಿಗೆ ಇನ್ನೊಂದು ಎಂದೂ ಹೇಳಿದರು. ಪಂಚಮಿಯವರೆಗೆ ಈರ್ಯಾ ಬಿಟ್ಟ ಜಾಗವನ್ನು ಬನಶಂಕರಿಗೆ ಖಾಲಿ ಇಡುತ್ತಾರೆ. ಆಮೇಲೆ ಇನ್ನೊಬ್ಬರಿಗೆ. ಅವರದು ಸಾದಾ ಟಪಾಲು, ನಾನು ಇದನ್ನು ಎಕ್ಸ್‌ಪ್ರೆಸ್ ಹಾಕುತ್ತಿದ್ದೇನೆ. ನಿನಗೆ ಮೂರು ದಿನ ಮುಂಚೆ ಸಿಗುತ್ತದೆ. ಈ ಪತ್ರ ಓದಿ ಮಡಚಬೇಡ, ಕೈಯಲ್ಲಿ ಹಿಡಿದುಕೊಂಡೇ ಸಾಹೇಬರ ಡೇರೆಗೆ ನಡೆ. ಒಳಗೆ ಅರ್ಜಿ ಇಟ್ಟಿದ್ದೇನೆ, ತನ್ನ ಹೆಸರನ್ನು ಅವಳೇ ಬರೆದಿದ್ದಾಳೆ, ನಿನ್ನ ಹೆಸರನ್ನೂ ಅವಳೇ ಬರೆದಿದ್ದಾಳೆ. ನೀನು ಸಹಿ ಮಾಡಿದರೆ ಸಾಕು, ಬೆರಳು ಬಗ್ಗದಿದ್ದರೆ ಎಡಗೈಯಿಂದ ಮಾಡು.

ನೂರು ವರ್ಷ ಬಾಳು. ಬಸವಣ್ಣ ನಿನ್ನನ್ನು ಕಾಯಲಿ. ಈ ಸಲ ಪಂಚಮಿಗೆ ಇಂದ್ರಾಬಾಯಿಗೆ ಸೀರೆಯನ್ನೇ ಕಳಿಸು.